ಬಿರುಸು ಬಾಣದಿಂದ ಚಂದ್ರಯಾನದವರೆಗೆ



ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಸುಗ್ಗಿಯ ದಿನಗಳಲ್ಲಿ ಮಾರುಕಟ್ಟೆಯ ಅಂಗಳದ ತುಂಬ ಚೀಲಗಳ ಸಾಲು. ನುರಿತ ವ್ಯಾಪಾರಿಯೊಬ್ಬರು ಒಂದು ಹಿಡಿ ಕಾಯಿ ಎತ್ತಿಕೊಂಡು, ಬಣ್ಣ ನೋಡಿ, ಬೆರಳಲ್ಲಿ ಹಿಸುಕಿ, ಇದು ಇಂಥ ದರ್ಜೆಯದು ಎಂದು ಹೇಳಿಬಿಡುತ್ತಾರೆ. ಅವರ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಇದೇ ಕಾಯಿಯಿಂದ ಬಣ್ಣದ ಸತ್ವ ತೆಗೆಯುವ ಕಾರ್ಖಾನೆಗೆ ಕಣ್ಣಳತೆ ಸಾಲದು. ಅಲ್ಲಿಯವರು ಬಣ್ಣವನ್ನು ಉಪಕರಣದಲ್ಲಿ ಅಳೆದು 'ಆಸ್ಟಾ' ಎಂಬ ಮಾನದಲ್ಲಿ ಅಂಕಿಯಾಗಿ ಬರೆಯುತ್ತಾರೆ.

ಎರಡೂ ಜ್ಞಾನವೇ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಿ. ವ್ಯಾಪಾರಿಯ ಜ್ಞಾನ ಅವರ ಕಣ್ಣು ಮತ್ತು ಬೆರಳಿನಲ್ಲಿದೆ. ಅದನ್ನು ಕಲಿಯಬೇಕಾದರೆ ಹತ್ತಾರು ವರ್ಷ ಅವರ ಜೊತೆಯಲ್ಲೇ ಇರಬೇಕು. ಅಂಕಿಯ ಜ್ಞಾನವನ್ನಾದರೋ ಒಂದು ಚೀಟಿಯಲ್ಲಿ ಬರೆದು ಜಗತ್ತಿನ ಯಾವ ಮೂಲೆಗಾದರೂ ಕಳಿಸಬಹುದು. ನೂರು ವರ್ಷದ ನಂತರ ಓದುವವರಿಗೂ ಅದು ಅರ್ಥವಾಗುತ್ತದೆ.

ಮೆಣಸಿನಕಾಯಿಗೂ ಆಕಾಶಕ್ಕೂ ಏನು ಸಂಬಂಧ ಎಂದು ಕೇಳುತ್ತೀರಾ? ಮನುಷ್ಯ ಹಾರಲು ಕಲಿತ ಇತಿಹಾಸವನ್ನು ನೋಡಿದರೆ ಸಂಬಂಧ ತಾನಾಗಿಯೇ ತಿಳಿಯುತ್ತದೆ. ಈ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಕನ್ನಡ ನಾಡಿನಲ್ಲೇ ನಡೆಯಿತು. ನಡೆದದ್ದು ಮಾತ್ರವಲ್ಲ, ನಮ್ಮ ಕೈಬಿಟ್ಟು ಹೋಗಿ ಮತ್ತೆ ನಮ್ಮ ಕೈ ಸೇರಿತು.

ಹಾರುವುದು ಎಂದರೇನು?

ಮೊದಲು ಸ್ವಲ್ಪ ವಿಜ್ಞಾನ. ಕಣದಲ್ಲಿ ಜೋಳದ ರಾಶಿ ತೂರುವುದನ್ನು ನೆನಪು ಮಾಡಿಕೊಳ್ಳಿ. ಮೊರದಿಂದ ಕಾಳು ಮತ್ತು ಹೊಟ್ಟು ಒಟ್ಟಿಗೇ ಕೆಳಗಿಳಿಯುತ್ತವೆ. ಬೀಸುವ ಗಾಳಿಯೂ ಒಂದೇ. ಆದರೂ ಕಾಳು ಕಾಲಬುಡದಲ್ಲಿ ಬೀಳುತ್ತದೆ, ಹೊಟ್ಟು ದೂರ ಸಾಗುತ್ತದೆ. ಹೊಟ್ಟಿನ ಭಾರಕ್ಕೆ ಹೋಲಿಸಿದರೆ ಗಾಳಿಗೆ ಒಡ್ಡಿಕೊಳ್ಳುವ ಅದರ ಮೈ ದೊಡ್ಡದು. ಹಾರುವ ವಸ್ತುವಿನ ಭಾರ ಎಷ್ಟು, ಅದರ ಮೈ ಎಷ್ಟು ಅಗಲ ಎಂಬ ಲೆಕ್ಕವೇ ಹಾರಾಟದ ಮೊದಲ ಪಾಠ.

ಎರಡನೆಯ ಪಾಠಕ್ಕೆ ರಾಣೆಬೆನ್ನೂರಿಗೆ ಬನ್ನಿ. ಅಲ್ಲಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ 119 ಚದರ ಕಿಲೋಮೀಟರ್. ಆ ಬಯಲಿನಲ್ಲಿ ಹಿಂದೆ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯೂ ಇತ್ತು. ಪಕ್ಷಿತಜ್ಞರು ಅದನ್ನು ಗ್ರೇಟ್ ಇಂಡಿಯನ್ ಬಸ್ಟರ್ಡ್ ಎನ್ನುತ್ತಾರೆ. ಗಂಡು ಹಕ್ಕಿ 15 ಕಿಲೋಗ್ರಾಂವರೆಗೂ ತೂಗಬಲ್ಲದು. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 2 ಮೀಟರಿಗೂ ಹೆಚ್ಚು. ಜಗತ್ತಿನ ಹಾರುವ ಹಕ್ಕಿಗಳಲ್ಲಿ ಅತಿ ಭಾರವಾದವುಗಳಲ್ಲಿ ಇದೂ ಒಂದು.

ಇದಕ್ಕಿಂತ ಬಹಳ ಭಾರದ ಹಕ್ಕಿ ಏಕೆ ಹಾರುವುದಿಲ್ಲ? ಒಂದು ಹಕ್ಕಿಯ ಉದ್ದ, ಅಗಲ, ಎತ್ತರ ಎಲ್ಲವನ್ನೂ ಎರಡು ಪಟ್ಟು ಮಾಡಿ ನೋಡೋಣ. ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಆದರೆ ದೇಹದ ಭಾರ ಎಂಟು ಪಟ್ಟಾಗುತ್ತದೆ. ಹೀಗೆ ಗಾತ್ರ ಹೆಚ್ಚಿದಂತೆ ಭಾರವು ರೆಕ್ಕೆಯನ್ನು ಸೋಲಿಸುತ್ತಾ ಹೋಗುತ್ತದೆ. ಕೈಗೆ ರೆಕ್ಕೆ ಕಟ್ಟಿಕೊಂಡು ಗೋಪುರದಿಂದ ಹಾರಿದ ಸಾಹಸಿಗಳೆಲ್ಲ ಕೆಳಗೆ ಬಿದ್ದದ್ದು ಇದೇ ಕಾರಣದಿಂದ. ಅವರಿಗೆ ಧೈರ್ಯ ಬೇಕಾದಷ್ಟಿತ್ತು. ಆದರೆ ಮನುಷ್ಯನ ತೋಳಿನ ಶಕ್ತಿ ಅವನ ಭಾರಕ್ಕೆ ಸಾಲುವುದಿಲ್ಲ.

ಎರ್ಲಡ್ಡು ಇಂದು ರಾಣೆಬೆನ್ನೂರಿನ ಬಯಲಿನಲ್ಲಿ ಕಾಣಸಿಗುವುದಿಲ್ಲ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿವೆ. ಭಾರದ ಹಕ್ಕಿಯಾದ್ದರಿಂದ ಹಾರುವಾಗ ಚಟ್ಟನೆ ತಿರುಗಲು ಅದಕ್ಕೆ ಆಗದು. ಎದುರಿಗಿರುವುದೂ ಸರಿಯಾಗಿ ಕಾಣದು. ಆದ್ದರಿಂದ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ. ಹಾರಾಟದ ವಿಜ್ಞಾನವನ್ನು ನಾವು ಕಲಿತೆವು, ಕಲಿಸಿದ ಹಕ್ಕಿಯನ್ನೇ ಕಳೆದುಕೊಳ್ಳುತ್ತಿದ್ದೇವೆ ಎಂಬುದು ಯೋಚಿಸಬೇಕಾದ ವಿಷಯ.

ರೆಕ್ಕೆ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಸ್ವಲ್ಪ ಓರೆಯಾಗಿ ಹಿಡಿದ ರೆಕ್ಕೆ ತನ್ನ ಕಡೆಗೆ ಬರುವ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಆಗ ರೆಕ್ಕೆಯ ಮೇಲ್ಭಾಗದಲ್ಲಿ ಒತ್ತಡ ಕಡಿಮೆಯಾಗಿ, ಕೆಳಭಾಗದಲ್ಲಿ ಹೆಚ್ಚಾಗುತ್ತದೆ. ಈ ವ್ಯತ್ಯಾಸವೇ ರೆಕ್ಕೆಯನ್ನು ಮೇಲೆತ್ತುವ ಬಲ. ಆಷಾಢದ ಗಾಳಿಯಲ್ಲಿ ನೀವು ಹಾರಿಸುವ ಗಾಳಿಪಟವೂ ಇದೇ ನಿಯಮದಿಂದ ಏರುತ್ತದೆ. ವಿಮಾನದ ಮೇಲೆ ನಾಲ್ಕು ಬಲಗಳು ಕೆಲಸ ಮಾಡುತ್ತವೆ: ಮೇಲೆತ್ತುವ ಬಲ, ಕೆಳಗೆಳೆಯುವ ಭಾರ, ಮುಂದಕ್ಕೆ ನೂಕುವ ಬಲ, ಹಿಂದಕ್ಕೆ ತಡೆಯುವ ಗಾಳಿಯ ಎಳೆತ. ಈ ನಾಲ್ಕರ ಲೆಕ್ಕ ಸರಿಹೋದರೆ ಹಾರಾಟ, ತಪ್ಪಿದರೆ ಪತನ.

ಇಬ್ಬರು ಸೈಕಲ್ ವ್ಯಾಪಾರಿಗಳು

ಅಮೆರಿಕದ ರೈಟ್ ಸಹೋದರರ ಹೆಸರು ನಿಮಗೆ ಗೊತ್ತು. 1903ರ ಡಿಸೆಂಬರ್ 17ರಂದು ಅವರ ಯಂತ್ರ ಮೊದಲ ಸಲ ನೆಲ ಬಿಟ್ಟು ಹಾರಿತು. ಹಾರಿದ್ದು 12 ಸೆಕೆಂಡು, ಸಾಗಿದ್ದು ಸುಮಾರು 36 ಮೀಟರ್. ಇದು ಪಠ್ಯಪುಸ್ತಕದಲ್ಲಿರುವ ವಿಷಯ. ಆದರೆ ಅದಕ್ಕಿಂತ ಮುಖ್ಯವಾದದ್ದು ಎರಡು ವರ್ಷ ಮೊದಲೇ ನಡೆದಿತ್ತು.

ಹಿಂದಿನವರು ಸಿದ್ಧಪಡಿಸಿದ್ದ ಕೋಷ್ಟಕಗಳನ್ನು ನಂಬಿ ಅವರು ಕಟ್ಟಿದ ಗ್ಲೈಡರ್ 1901ರಲ್ಲಿ ಲೆಕ್ಕ ಹಾಕಿದಷ್ಟು ಮೇಲೇರಲಿಲ್ಲ. ಅವರು ನಿರಾಶರಾದರು. ಆದರೆ ಹಣೆಬರಹವನ್ನು ಹಳಿಯಲಿಲ್ಲ. ಸುಮಾರು 6 ಅಡಿ ಉದ್ದದ ಮರದ ಪೆಟ್ಟಿಗೆ ಮಾಡಿ, ಒಂದು ಬದಿಯಲ್ಲಿ ಫ್ಯಾನ್ ಇಟ್ಟು, ಅದರೊಳಗೆ ಗಾಳಿ ಹರಿಸಿದರು. ಇದೇ ಅವರ ಗಾಳಿ ಸುರಂಗ. ಬೇರೆ ಬೇರೆ ಆಕಾರದ ಪುಟ್ಟ ರೆಕ್ಕೆಗಳನ್ನು, ಸುಮಾರು 200 ಮಾದರಿಗಳನ್ನು, ಒಂದೊಂದಾಗಿ ಅದರೊಳಗಿಟ್ಟು ಎಷ್ಟು ಬಲ ಬರುತ್ತದೆ ಎಂದು ಅಳೆದು ಬರೆದುಕೊಂಡರು. ಸೈಕಲ್ ಅಂಗಡಿ ಇಟ್ಟುಕೊಂಡಿದ್ದ, ಕಾಲೇಜಿನ ಪದವಿಯಿಲ್ಲದ ಇಬ್ಬರು ಯುವಕರಿಗೆ ಆಕಾಶದ ಬಾಗಿಲು ತೆರೆದದ್ದು ಈ ಅಳತೆಯ ಪುಸ್ತಕ.

ಗಾಳಿ ಇಲ್ಲದ ಕಡೆ ಹಾರುವುದು ಹೇಗೆ?

ವಿಮಾನಕ್ಕೆ ಗಾಳಿ ಬೇಕು. ಬಾಹ್ಯಾಕಾಶದಲ್ಲಿ ಗಾಳಿ ಇಲ್ಲ. ಅಲ್ಲಿಗೆ ಹೋಗಲು ಇರುವ ವಾಹನ ರಾಕೆಟ್ ಒಂದೇ. ಪ್ರತಿಯೊಂದು ಕ್ರಿಯೆಗೂ ಅಷ್ಟೇ ಪ್ರಮಾಣದ ವಿರುದ್ಧ ಪ್ರತಿಕ್ರಿಯೆ ಇರುತ್ತದೆ ಎಂದು ನ್ಯೂಟನ್ 1687ರಲ್ಲಿ ಪ್ರಕಟಿಸಿದ ನಿಯಮವೇ ಇದರ ತಳಹದಿ. ಊದಿದ ಬಲೂನಿನ ಬಾಯಿ ಬಿಟ್ಟರೆ ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ನೆಗೆಯುತ್ತದೆ. ರಾಕೆಟ್ ಹೊರಗಿನ ಗಾಳಿಯನ್ನು ಒದ್ದು ಮೇಲೇರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ತನ್ನೊಳಗಿನ ಅನಿಲವನ್ನು ವೇಗವಾಗಿ ಹೊರಗೆ ಎಸೆಯುವುದರಿಂದಲೇ ಅದು ಮುಂದೆ ಸಾಗುತ್ತದೆ.

ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡಿದ ಮದ್ದು ತುಂಬಿ ಬಾಣ ಹಾರಿಸುವುದು ಚೀನಾದಲ್ಲಿ ಬಹು ಹಿಂದೆಯೇ ಇತ್ತು. ನಮ್ಮ ಜಾತ್ರೆ ಉತ್ಸವಗಳ ಬಾಣಬಿರುಸೂ ಅದೇ ಜಾತಿಯದು. ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಹೆಚ್ಚು ಗಟ್ಟಿಯಾಗಿ ತುಂಬಿದರೆ ಕೊಳವೆಯೇ ಸಿಡಿಯುತ್ತದೆ. ಆದ್ದರಿಂದ ಅದರ ಶಕ್ತಿಗೆ ಒಂದು ಮಿತಿ ಇತ್ತು.

18ನೇ ಶತಮಾನದಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರ ಮೈಸೂರಿನ ಕುಶಲಕರ್ಮಿಗಳು ಇಲ್ಲೊಂದು ದೊಡ್ಡ ಹೆಜ್ಜೆ ಇಟ್ಟರು. ಕೊಳವೆಯನ್ನು ಕಬ್ಬಿಣದಲ್ಲಿ ಮಾಡಿದರು. ಕಬ್ಬಿಣ ಹೆಚ್ಚಿನ ಒತ್ತಡ ತಡೆಯುತ್ತದೆ. ಒತ್ತಡ ಹೆಚ್ಚಿದಷ್ಟೂ ಅನಿಲ ವೇಗವಾಗಿ ಹೊರನುಗ್ಗುತ್ತದೆ, ನೂಕುಬಲ ಹೆಚ್ಚುತ್ತದೆ. ಬಾಣ ಗಿರಕಿ ಹೊಡೆಯದೆ ನೇರ ಹೋಗಲೆಂದು ಉದ್ದನೆಯ ಬಿದಿರಿನ ಕೋಲನ್ನು ಕಟ್ಟಿದರು. ಇಂಥ ಬಾಣಗಳು 2 ಕಿಲೋಮೀಟರಿನಷ್ಟು ದೂರ ಸಾಗುತ್ತಿದ್ದವು. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ಈ ಕಸುಬಿನ ನೆನಪನ್ನೇ ಹೊತ್ತುಕೊಂಡಿದೆ.

1780ರ ಸೆಪ್ಟೆಂಬರಿನಲ್ಲಿ ಕಂಚಿಯ ಬಳಿಯ ಪೊಳ್ಳಿಲೂರಿನಲ್ಲಿ ಕರ್ನಲ್ ಬೇಲಿಯ ಇಂಗ್ಲಿಷ್ ಪಡೆ ಮೈಸೂರಿನ ಸೈನ್ಯಕ್ಕೆ ಸೋತಿತು. ಆ ಕದನದ ದೊಡ್ಡ ಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ನೀವು ಇಂದಿಗೂ ನೋಡಬಹುದು. ಮುಂದೆ ಟಿಪ್ಪುವಿನ ಕಾಲದಲ್ಲಿ ಸೈನ್ಯದಲ್ಲಿ ಬಾಣ ಹಾರಿಸುವವರದೇ ಪ್ರತ್ಯೇಕ ತುಕಡಿಗಳಿದ್ದವು. ಈ ಸೈನ್ಯದ ಓಡಾಟ ನಿಮ್ಮ ಜಿಲ್ಲೆಗೂ ಹೊಸದಲ್ಲ. 1786ರ ಮರಾಠ–ಮೈಸೂರು ಯುದ್ಧದಲ್ಲಿ ಇಂದಿನ ಹಾವೇರಿ ಜಿಲ್ಲೆಯ ಸವಣೂರು ಒಂದು ಮುಖ್ಯ ರಣರಂಗವಾಗಿತ್ತು.

ಇನ್ನೂ ಹತ್ತಿರದ ಸಾಕ್ಷಿ ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, ಪಾಳುಬಾವಿಯ ಕೆಸರಿನಿಂದ 2002ರಲ್ಲಿ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. 2018ರಲ್ಲಿ ರಾಜ್ಯ ಪುರಾತತ್ವ ಇಲಾಖೆ ಅದೇ ಊರಿನಲ್ಲಿ ಅಗೆದಾಗ ಸಾವಿರಕ್ಕೂ ಹೆಚ್ಚು ದೊರೆತವು. ಒಂದು ಗೇಣಿನಿಂದ ಒಂದೂವರೆ ಗೇಣು ಉದ್ದದ ಈ ಕೊಳವೆಗಳೇ ಮೈಸೂರಿನ ರಾಕೆಟ್ಟುಗಳು. ಮದ್ದಿನ ಅಂಶ ಇನ್ನೂ ಅವುಗಳೊಳಗಿತ್ತು.

ಬಾಣ ಇಲ್ಲಿ, ಲೆಕ್ಕ ಅಲ್ಲಿ

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ. ಇಂಗ್ಲಿಷರು ವಶಪಡಿಸಿಕೊಂಡ ರಾಕೆಟ್ಟುಗಳಲ್ಲಿ ಕೆಲವು ಲಂಡನ್ನಿನ ಹತ್ತಿರದ ವೂಲ್‌ವಿಚ್ ಎಂಬಲ್ಲಿಗೆ ಹೋದವು. ಅಲ್ಲಿ ಸೈನ್ಯದ ಮದ್ದುಗುಂಡಿನ ಪ್ರಯೋಗಶಾಲೆ ಇತ್ತು. ಪಕ್ಕದಲ್ಲೇ ಗಣಿತ ಕಲಿಸುವ ಸೈನಿಕ ವಿದ್ಯಾಲಯವೂ ಇತ್ತು.

ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬಾತ 1804ರ ಸುಮಾರಿಗೆ ಪ್ರಯೋಗ ಆರಂಭಿಸಿದ. ಮದ್ದಿನ ಮಿಶ್ರಣ ಬದಲಿಸಿದರೆ ಏನಾಗುತ್ತದೆ, ಕೊಳವೆಯ ಗಾತ್ರ ಹೆಚ್ಚಿಸಿದರೆ ಎಷ್ಟು ದೂರ ಹೋಗುತ್ತದೆ, ಕೋಲು ಎಷ್ಟು ಉದ್ದವಿರಬೇಕು ಎಂದು ಒಂದೊಂದನ್ನೇ ಬದಲಿಸಿ ಅಳೆದು ಬರೆದಿಟ್ಟ. ಅವನ ರಾಕೆಟ್ 2700 ಮೀಟರಿನಷ್ಟು ದೂರ ಹಾರುವಂತಾಯಿತು. 1807ರಲ್ಲಿ ಇಂಗ್ಲಿಷರು ಕೋಪನ್‌ಹೇಗನ್ ನಗರದ ಮೇಲೆ ಅವನ್ನು ಪ್ರಯೋಗಿಸಿದರು. ಅದೇ ವೂಲ್‌ವಿಚ್‌ನ ವಿಲಿಯಂ ಮೂರ್ ಎಂಬ ಗಣಿತದ ಅಧ್ಯಾಪಕ ನ್ಯೂಟನ್ನನ ನಿಯಮಗಳಿಂದ ರಾಕೆಟ್ಟಿನ ಚಲನೆಯ ಲೆಕ್ಕ ಹಾಕಿ 1813ರಲ್ಲಿ ಪುಸ್ತಕ ಪ್ರಕಟಿಸಿದ.

ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಮೈಸೂರಿನ ಕಮ್ಮಾರನ ಕೈಚಳಕ ಇಂಗ್ಲೆಂಡಿನವನಿಗಿಂತ ಕಡಿಮೆಯೇನೂ ಇರಲಿಲ್ಲ. ಇಂಗ್ಲಿಷರೇ ಅದನ್ನು ಕಂಡು ಬೆರಗಾಗಿ ಹೊತ್ತೊಯ್ದರು. ಆದರೆ ಆ ಕಮ್ಮಾರನ ಹೆಸರನ್ನು ನೀವು ಇತಿಹಾಸದ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನು ಎಷ್ಟು ಮದ್ದು ಹಾಕಿದ, ಹೇಗೆ ಗಟ್ಟಿಸಿದ, ಎಷ್ಟು ಬಾಣ ಸಿಡಿದು ಹೋದವು ಎಂಬ ಲೆಕ್ಕದ ಪುಸ್ತಕ ನಮಗೆ ಉಳಿದಿಲ್ಲ. ಅರಸೊತ್ತಿಗೆ ಬಿದ್ದ ಕೂಡಲೇ ಕಸುಬುದಾರರು ಚದುರಿದರು, ವಿದ್ಯೆ ಅವರೊಂದಿಗೇ ಮಣ್ಣಾಯಿತು. ಕಾಂಗ್ರೀವನ ಬರಹ ಉಳಿಯಿತು. ಮುಂದಿನವರು ಅವನು ನಿಲ್ಲಿಸಿದಲ್ಲಿಂದ ಆರಂಭಿಸಿದರು.

ಈ ಇತಿಹಾಸವನ್ನು ಬೆಂಗಳೂರಿನ ವೈಮಾನಿಕ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ವಿವರವಾಗಿ ಅಧ್ಯಯನ ಮಾಡಿ ಬರೆದರು. ಅದಕ್ಕೂ ಮೊದಲು, 1963ರಲ್ಲಿ, ತರಬೇತಿಗೆಂದು ಅಮೆರಿಕದ ವ್ಯಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋಗಿದ್ದ ಅಬ್ದುಲ್ ಕಲಾಂ ಅವರು ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ಸೈನಿಕರು ರಾಕೆಟ್ ಹಾರಿಸುವ ಚಿತ್ರವನ್ನು ಕಂಡದ್ದನ್ನು ತಮ್ಮ ಆತ್ಮಕಥೆಯಲ್ಲಿ ನೆನೆದಿದ್ದಾರೆ. ನಮ್ಮ ಕಥೆ ನಮ್ಮವರಿಗೆ ಪರದೇಶದ ಗೋಡೆಯ ಮೇಲೆ ಸಿಕ್ಕಿತು.

ಹೆಮ್ಮೆಗೂ ಪರೀಕ್ಷೆ ಬೇಕು

ಹಿಂದೆ ನಮ್ಮಲ್ಲಿ ಎಲ್ಲವೂ ಇತ್ತು ಎಂದು ಹೇಳಿಕೊಳ್ಳುವುದು ಸುಲಭ. ಇದಕ್ಕೊಂದು ಉದಾಹರಣೆ ಕೊಡುತ್ತೇನೆ. 'ವೈಮಾನಿಕ ಶಾಸ್ತ್ರ' ಎಂಬ ಸಂಸ್ಕೃತ ಗ್ರಂಥದ ಹೆಸರನ್ನು ನೀವು ಕೇಳಿರಬಹುದು. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಈ ಗ್ರಂಥವನ್ನು ಬರೆಯಿಸಿದವರು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು. ಇದರಲ್ಲಿ ಹಲವು ಬಗೆಯ ವಿಮಾನಗಳ ವರ್ಣನೆ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥವನ್ನು ನಗಾಡಿ ಬದಿಗಿಡಲಿಲ್ಲ, ಕಣ್ಣುಮುಚ್ಚಿ ನಂಬಲೂ ಇಲ್ಲ. ಅದರಲ್ಲಿ ಹೇಳಿದ ಅಳತೆಗಳನ್ನು ತೆಗೆದುಕೊಂಡು, ಭಾರ ಎಷ್ಟು, ಮೇಲೆತ್ತುವ ಬಲ ಎಷ್ಟು ಎಂದು ಲೆಕ್ಕ ಹಾಕಿದರು. ಭಾಷೆಯನ್ನೂ ಪರಿಶೀಲಿಸಿದರು. ಈ ವಿಮಾನಗಳು ಹಾರಲಾರವು, ಗ್ರಂಥವೂ ಪ್ರಾಚೀನವಲ್ಲ, 20ನೇ ಶತಮಾನದ ಆರಂಭದ್ದು ಎಂದು 1974ರಲ್ಲಿ ಪ್ರಕಟಿಸಿದರು. ನಿಜವಾದ ಗೌರವ ಎಂದರೆ ಇದೇ. ನಗರದ ಬಾವಿಯ ಕಬ್ಬಿಣದ ಕೊಳವೆ ಪರೀಕ್ಷೆಗೆ ನಿಲ್ಲುತ್ತದೆ, ಆದ್ದರಿಂದ ಅದರ ಬಗ್ಗೆ ತಲೆಯೆತ್ತಿ ಹೆಮ್ಮೆಪಡಬಹುದು. ಪರೀಕ್ಷೆಗೆ ನಿಲ್ಲದ್ದನ್ನು ಬಿಟ್ಟುಕೊಟ್ಟರೆ ನಮಗೆ ಯಾವ ನಷ್ಟವೂ ಇಲ್ಲ.

ಮತ್ತೆ ನಮ್ಮ ಕೈಗೆ

ಕಳೆದುಹೋದ ವಿದ್ಯೆ ಮರಳಿ ಬಂದದ್ದು ಶಾಲೆ, ಕಾರ್ಖಾನೆ, ಪ್ರಯೋಗಶಾಲೆ ಮೂರೂ ಒಂದೇ ಊರಿನಲ್ಲಿ ಸೇರಿದಾಗ. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. ಅದೇ ಇಂದಿನ ಎಚ್.ಎ.ಎಲ್. 1942ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ವಿಭಾಗ ಆರಂಭವಾಯಿತು. ಜರ್ಮನಿಯ ಪ್ರಾಂಟ್ಲ್ ಅವರ ಬಳಿ ಕಲಿತು ಬಂದ ವಿ.ಎಂ. ಘಾಟಗೆ ಅಲ್ಲಿ ಪಾಠ ಹೇಳಿದರು. ಮುಂದೆ ಅವರೇ ಎಚ್.ಎ.ಎಲ್.ನಲ್ಲಿ ರೂಪಿಸಿದ ಎಚ್.ಟಿ.–2 ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಹಾರಿತು. ಸತೀಶ್ ಧವನ್ ಅದೇ ವಿಭಾಗದಲ್ಲಿ ಶಬ್ದಕ್ಕಿಂತ ವೇಗವಾಗಿ ಗಾಳಿ ಹರಿಸುವ ಪುಟ್ಟ ಸುರಂಗ ಕಟ್ಟಿದರು. ರೈಟ್ ಸಹೋದರರ ಮರದ ಪೆಟ್ಟಿಗೆಯ ಕೆಲಸ ಬೆಂಗಳೂರಿನಲ್ಲಿ ಮುಂದುವರಿಯಿತು ಎನ್ನಬಹುದು.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದ ಯು.ಆರ್. ರಾವ್ ದೊಡ್ಡ ಪಟ್ಟಣದ ಮಗುವಲ್ಲ. ಅವರ ನೇತೃತ್ವದ ತಂಡ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೀಟು ಹೊದಿಸಿದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಕಟ್ಟಿತು. 360 ಕಿಲೋಗ್ರಾಂ ತೂಕದ ಆ ಉಪಗ್ರಹವನ್ನು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಕಕ್ಷೆಗೆ ಸೇರಿಸಿತು.

ಕಕ್ಷೆ ಎಂದರೆ ಏನೆಂದು ಇಲ್ಲೇ ತಿಳಿದುಕೊಳ್ಳಿ. ಉಪಗ್ರಹ ಕೆಳಗೆ ಬೀಳುತ್ತಲೇ ಇರುತ್ತದೆ. ಆದರೆ ಅಷ್ಟೇ ವೇಗವಾಗಿ ಮುಂದಕ್ಕೂ ಹೋಗುತ್ತಿರುವುದರಿಂದ, ಅದು ಬೀಳುವಷ್ಟೇ ದುಂಡಗಿನ ಭೂಮಿಯೂ ಅದರ ಕೆಳಗಿನಿಂದ ಬಾಗಿಕೊಂಡು ಹೋಗುತ್ತದೆ. ಭೂಮಿಯ ಹತ್ತಿರದ ಕಕ್ಷೆಯಲ್ಲಿ ಇದಕ್ಕೆ ಬೇಕಾದ ವೇಗ ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್. ಹಾವೇರಿಯಿಂದ ರಾಣೆಬೆನ್ನೂರಿಗೆ ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕೆಂದು ನಿಮಗೆ ಗೊತ್ತು. ಈ ವೇಗದಲ್ಲಿ ಐದು ಸೆಕೆಂಡೂ ಹಿಡಿಯುವುದಿಲ್ಲ.

ನಾನು ಕೆಲಸ ಮಾಡುವ ದೂರದರ್ಶನಕ್ಕೂ ಈ ಕಥೆಯಲ್ಲಿ ಪಾತ್ರವಿದೆ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎ.ಟಿ.ಎಸ್.–6 ಉಪಗ್ರಹದ ಮೂಲಕ ಆರು ರಾಜ್ಯಗಳ 2400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮ ತಲುಪಿಸುವ 'ಸೈಟ್' ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ಕೆಯಾದವು ಅಂದಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನ ಮನೆಗಳಲ್ಲಿ ದೂರದರ್ಶನ ಕೇಂದ್ರದ ಚಿತ್ರ ಮೂಡುವ ಮೊದಲೇ ಉತ್ತರ ಕರ್ನಾಟಕದ ಹಳ್ಳಿಗಳ ಚಾವಡಿಯಲ್ಲಿ ಬಾಹ್ಯಾಕಾಶದಿಂದ ಕನ್ನಡ ಕೇಳಿಸಿತ್ತು.

ಸೋಲಿನ ಲೆಕ್ಕ

ನಮ್ಮ ಕಾರ್ಯಕ್ರಮಗಳಿಗೆ ಬರುವ ಮಕ್ಕಳಿಗೆ ಗೆಲುವಿನ ದಿನಾಂಕಗಳು ಬಾಯಿಪಾಠ. ಸೋಲಿನ ದಿನಾಂಕಗಳನ್ನು ಕೇಳಿದರೆ ಸುಮ್ಮನಾಗುತ್ತಾರೆ. ಆದರೆ ಅವೇ ಹೆಚ್ಚು ಕಲಿಸುತ್ತವೆ.

ಆರ್ಯಭಟದ ವಿದ್ಯುತ್ ವ್ಯವಸ್ಥೆಯ ದೋಷದಿಂದ ಅದರ ವಿಜ್ಞಾನ ಪ್ರಯೋಗಗಳು ನಾಲ್ಕೈದು ದಿನಗಳಲ್ಲೇ ನಿಂತುಹೋದವು. ನಮ್ಮದೇ ಮೊದಲ ಉಪಗ್ರಹ ವಾಹಕ ಎಸ್.ಎಲ್.ವಿ.–3 1979ರ ಆಗಸ್ಟ್ 10ರಂದು ಸಮುದ್ರಕ್ಕೆ ಬಿತ್ತು. ಎರಡನೆಯ ಹಂತದ ನಿಯಂತ್ರಣ ವ್ಯವಸ್ಥೆಯ ಒಂದು ಕವಾಟದಲ್ಲಿ ಆಮ್ಲ ಸೋರಿದ್ದೇ ಕಾರಣ ಎಂದು ದಾಖಲೆಗಳನ್ನು ಪರಿಶೀಲಿಸಿ ಕಂಡುಹಿಡಿದರು. 1980ರ ಜುಲೈ 18ರಂದು ಅದೇ ಬಗೆಯ ರಾಕೆಟ್ ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ರಾಕೆಟ್ಟಿನ ತೂಕ 17 ಟನ್, ಉಪಗ್ರಹದ ತೂಕ 35 ಕಿಲೋಗ್ರಾಂ. ಬಾಹ್ಯಾಕಾಶಕ್ಕೆ ಹೋಗುವುದು ಎಷ್ಟು ದುಬಾರಿ ಎಂದು ಈ ಎರಡು ಅಂಕಿಗಳೇ ಹೇಳುತ್ತವೆ.

2019ರ ಸೆಪ್ಟೆಂಬರ್ 7ರ ನಡುರಾತ್ರಿ ನಿಮ್ಮಲ್ಲಿ ಅನೇಕರು ಟಿ.ವಿ. ಮುಂದೆ ಕುಳಿತಿದ್ದಿರಬಹುದು. ಚಂದ್ರಯಾನ–2ರ ವಿಕ್ರಮ್ ಚಂದ್ರನ ನೆಲಕ್ಕೆ ಅಪ್ಪಳಿಸಿತು. ಇಳಿಯುವಾಗ ಎಂಜಿನ್ನುಗಳು ಲೆಕ್ಕಕ್ಕಿಂತ ತುಸು ಹೆಚ್ಚು ನೂಕುಬಲ ಕೊಟ್ಟವು. ಆ ಸಣ್ಣ ತಪ್ಪು ಕೂಡುತ್ತಾ ಹೋಗಿ, ಸರಿಪಡಿಸಲು ವೇಳೆ ಸಾಲದಾಯಿತು. ಇದನ್ನು ಕಳುಹಿಸಿದ ಅಂಕಿಗಳಿಂದಲೇ ತಿಳಿದುಕೊಂಡ ವಿಜ್ಞಾನಿಗಳು ಮುಂದಿನ ಸಲ ಐದು ಎಂಜಿನ್ನಿನ ಬದಲು ನಾಲ್ಕು ಇಟ್ಟರು, ಕಾಲುಗಳನ್ನು ಗಟ್ಟಿಗೊಳಿಸಿದರು, ವೇಗ ಅಳೆಯಲು ಲೇಸರ್ ಉಪಕರಣ ಸೇರಿಸಿದರು. ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ವಿಸ್ತರಿಸಿದರು. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ–3 ಚಂದ್ರನ ದಕ್ಷಿಣ ಧ್ರುವದ ಸಮೀಪ ಮೆಲ್ಲಗೆ ಇಳಿಯಿತು. ಅದನ್ನು ನಿಯಂತ್ರಿಸಿದ ಕೇಂದ್ರ ಇರುವುದು ಆರ್ಯಭಟ ಹುಟ್ಟಿದ ಅದೇ ಪೀಣ್ಯದಲ್ಲಿ.

ರಾಣೆಬೆನ್ನೂರಿನಿಂದ ಹೆದ್ದಾರಿಯಲ್ಲಿ ದಾವಣಗೆರೆ, ಚಿತ್ರದುರ್ಗ ದಾಟಿ ಮುಂದೆ ಹೋದರೆ ಚಳ್ಳಕೆರೆ. ಅಲ್ಲಿನ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರಂದು ಮರುಬಳಕೆಯ ರಾಕೆಟ್ ವಾಹನದ ಮಾದರಿಯೊಂದನ್ನು ಹೆಲಿಕಾಪ್ಟರಿನಿಂದ 4.5 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಾಗ, ಅದು ಚಾಲಕನಿಲ್ಲದೆ ತಾನೇ ದಾರಿ ಹಿಡಿದು ಓಡುದಾರಿಯ ಮೇಲೆ ಇಳಿಯಿತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ, ಹೆಸರುಕಾಳು ಮತ್ತು ಮೆಂತ್ಯದ ಬೀಜ ಅಲ್ಲಿ ಹೇಗೆ ಮೊಳೆಯುತ್ತವೆ ಎಂಬ ಪ್ರಯೋಗವೂ ಜೊತೆಗಿತ್ತು. ಅದನ್ನು ರೂಪಿಸಿದವರು ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐ.ಐ.ಟಿ.ಯವರು. 1997ರವರೆಗೆ ನಿಮ್ಮ ಊರುಗಳೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರವೂ ಇದೇ ವಿಶ್ವವಿದ್ಯಾಲಯದ್ದು. ಬಾಹ್ಯಾಕಾಶ ದೂರದ ಮಾತು, ಅದು ಬೆಂಗಳೂರಿನವರ ಕೆಲಸ ಎಂದು ಇನ್ನು ಹೇಳುವಂತಿಲ್ಲ.

ನೀವು ಮಾಡಬೇಕಾದ ಒಂದು ಕೆಲಸ

ಓದಿ ಮುಗಿಸಿ ಪುಸ್ತಕ ಮುಚ್ಚಬೇಡಿ. ಶಾಲೆಯ ಕೊಠಡಿಯಲ್ಲಿ ಗೋಡೆಯಿಂದ ಗೋಡೆಗೆ ನುಣುಪಾದ ನೈಲಾನ್ ದಾರ ಬಿಗಿಯಾಗಿ ಕಟ್ಟಿ. ಕಟ್ಟುವ ಮೊದಲು ತಂಪು ಪಾನೀಯ ಕುಡಿಯುವ ಕೊಳವೆಯ ಒಂದು ತುಂಡನ್ನು ಅದರಲ್ಲಿ ಪೋಣಿಸಿರಬೇಕು. ಬಲೂನು ಊದಿ, ಬಾಯನ್ನು ಬೆರಳಲ್ಲಿ ಹಿಡಿದುಕೊಂಡು, ಅಂಟುಪಟ್ಟಿಯಿಂದ ಕೊಳವೆಗೆ ಅಂಟಿಸಿ. ದಾರದಿಂದ ಬಲೂನಿನ ಸುತ್ತಳತೆ ತೆಗೆದು ಬರೆದುಕೊಳ್ಳಿ. ಈಗ ಬಾಯಿ ಬಿಡಿ. ಎಷ್ಟು ಸೆಂಟಿಮೀಟರ್ ಸಾಗಿತು ಎಂದು ಅಳೆದು ಬರೆಯಿರಿ.

ಒಂದು ಸಲ ಮಾಡಿದರೆ ಅದು ಆಟ. ಸುತ್ತಳತೆ ಬದಲಿಸುತ್ತಾ ಹತ್ತು ಸಲ ಮಾಡಿ, ಒಂದು ಸುತ್ತಳತೆಗೆ ಮೂರು ಮೂರು ಬಾರಿ ಅಳೆದರೆ ಅದು ವಿಜ್ಞಾನ. ಬಲೂನು ಒಡೆದರೆ, ಕೊಳವೆ ಸಿಕ್ಕಿಕೊಂಡರೆ ಅದನ್ನೂ ಬರೆಯಿರಿ, ಬಿಡಬೇಡಿ. ಕೊನೆಗೆ ಗ್ರಾಫ್ ಹಾಳೆಯಲ್ಲಿ ಗುರುತು ಹಾಕಿ, ಇನ್ನೂ ಅಳೆಯದ ಒಂದು ಸುತ್ತಳತೆಗೆ ಎಷ್ಟು ದೂರ ಹೋಗಬಹುದು ಎಂದು ಮೊದಲೇ ಹೇಳಿ. ಆಮೇಲೆ ಬಿಟ್ಟು ನೋಡಿ. ನಿಮ್ಮ ಮಾತು ಎಷ್ಟು ತಪ್ಪಿತು ಎಂಬುದನ್ನೂ ಅಂಕಿಯಲ್ಲಿ ಬರೆಯಿರಿ.

ಆ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಹೆಸರು, ಊರು, ದಿನಾಂಕ ಮರೆಯದೆ ಹಾಕಿ. ಮುಂದಿನ ವರ್ಷ ನಿಮ್ಮ ತರಗತಿಗೆ ಬರುವ ತಮ್ಮ ತಂಗಿಯರು ಹನ್ನೊಂದನೆಯ ಪ್ರಯೋಗದಿಂದ ಆರಂಭಿಸಲಿ.